ಎನೋಕ್ ಕರೆತರುವ ಜನ

ಆಗಸ್ಟ್ ೯, ಶನಿವಾರ

ನನ್ನ ಅಜ್ಜಿಯನ್ನು ಟಿಕೆಟ್ ಇಟ್ಟು ತೋರಿಸುತ್ತಿದ್ದಾರೆ.

ಇದನ್ನು ಮೃದುವಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಬೇಸಿಗೆಯೆಲ್ಲ ನಾನು ಉತ್ತರದ ಸೀಗಡಿ ಕಾರ್ಖಾನೆಯಲ್ಲಿದ್ದೆ. ಈ ವಾರ ನಮ್ಮ ಪಟ್ಟಣವಾದ ನೂಕ್‌ಗೆ ವಾಪಸು ಬಂದು ನೋಡಿದರೆ ಇಲ್ಲಿ ಇಂಥದ್ದು ನಡೆದಿದೆ. ಶನಿವಾರ ಪ್ರವಾಸಿ ಹಡಗು ಬರುತ್ತದೆ. ಅದರಿಂದ ಇಳಿದವರಲ್ಲಿ ಎಂಟು ಜನರನ್ನು ಒಂದು ಬಿಳಿ ವ್ಯಾನಿಗೆ ತುಂಬಿ, ಪಟ್ಟಣ ಸುತ್ತಿಸಿ, ಕೊನೆಗೆ ನಮ್ಮ ಅಬೆಲೋನೆ ಅಜ್ಜಿಯ ಮನೆಗೆ ತಂದು ಬಿಡುತ್ತಾರೆ. ಅಜ್ಜಿ ಹಬ್ಬಕ್ಕೆ ಹಾಕುವ ಮಣಿಯ ಕೊರಳಪಟ್ಟಿ ಹಾಕಿಕೊಂಡು ಅವರಿಗೆ ಕಾಫಿ ಬಗ್ಗಿಸುತ್ತಾಳೆ. 'ಪರಂಪರೆಯ ಸುತ್ತಾಟ, ಚಿಕ್ಕ ಗುಂಪು, ಸ್ಥಳೀಯರ ಮನೆಯಲ್ಲಿ ನಿಜವಾದ ಕಾಫಿ ಕೂಟ' ಎಂದು ಕಂಪನಿಯವರು ಅಚ್ಚು ಹಾಕಿಸಿದ್ದಾರೆ. ನಿಜವಾದ! ಕಾಫಿ ಕೂಟ ಎಂದರೆ ಮಗು ಹುಟ್ಟಿದಾಗ, ಹುಡುಗ ಬೇಟೆಯಲ್ಲಿ ಮೊದಲ ಸೀಲ್ ಪ್ರಾಣಿ ಹೊಡೆದಾಗ, ಯಾರಿಗೋ ವರ್ಷ ತುಂಬಿದಾಗ ಬಾಗಿಲು ತೆರೆದಿಟ್ಟು ಊರನ್ನೆಲ್ಲ ಕರೆಯುವುದು. ಪ್ರತಿ ಶನಿವಾರ ಯಾರು ಹುಟ್ಟುತ್ತಿದ್ದಾರೆ? ಯಾರು ಏನು ಹೊಡೆದರು?

ಅಮ್ಮ ಇದನ್ನು ಹವಾಮಾನದ ಸುದ್ದಿಯ ಹಾಗೆ ಹೇಳಿದಳು. ನಾನು ಚಮಚ ಕೆಳಗಿಟ್ಟೆ.

"ಅಜ್ಜಿನ ಏನು ಮೃಗಾಲಯ ಅಂದ್ಕೊಂಡಿದ್ದಾರಾ?"

"ಅವಳಿಗೆ ಖುಷಿ ಕಣೆ. ಸಾರು ಆರ್ತಾ ಇದೆ, ಕುಡಿ."

ಖುಷಿಯಂತೆ. ಗ್ರಂಥಾಲಯದವರು ಬಿಸಾಡಿದ ಪೆಟ್ಟಿಗೆಯಿಂದ ನಾನು ತಂದ ಕೆಂಪು ರಟ್ಟಿನ ಪುಸ್ತಿಕೆಗಳಲ್ಲಿ ಇದು ಸ್ಪಷ್ಟವಾಗಿದೆ: ಹೊರಗಿನವರು ಬಂದು ಮೊದಲು ಮೀನು ಒಯ್ಯುತ್ತಾರೆ, ಆಮೇಲೆ ನೆಲ, ಕೊನೆಗೆ ಮುಖ. ನಾವೀಗ ಮುಖದ ಹಂತಕ್ಕೆ ಬಂದಿದ್ದೇವೆ. ಹಿಡಿದ ಬಲೆಗೆ ಮೀನೇ ಥ್ಯಾಂಕ್ಸ್ ಹೇಳುವ ಹಂತ.

ನಾನು ಕರಪತ್ರ ಬರೆಯುತ್ತೇನೆ. ಬೇರೆಯವರದ್ದನ್ನು ಓದಿದ್ದು ಸಾಕು. ಆದರೆ ಸಾಕ್ಷಿ ಬೇಕು. ಮುಂದಿನ ಶನಿವಾರ ನಾನೇ ಆ ವ್ಯಾನು ಹತ್ತುತ್ತೇನೆ. ಅಲ್ಲಿಯವರೆಗೆ ಎಲ್ಲವನ್ನೂ ಬಿಡಿಸಿ ಇಲ್ಲಿ ಬರೆದಿಡುವುದು.

ಆಗಸ್ಟ್ ೧೨, ಮಂಗಳವಾರ

ವ್ಯಾನಿನ ಮಾರ್ಗದರ್ಶಿ ಯಾರೆಂದು ಗೊತ್ತಾಯಿತು. ಪಿಲುತಾಕ್! ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂತು ಜಡೆ ಎಳೆಯುತ್ತಿದ್ದ ಪೀಲು. ಚರಿತ್ರೆಯ ಪರೀಕ್ಷೆಯಲ್ಲಿ ನನ್ನ ಉತ್ತರ ನೋಡಿ ಬರೆದವನು ಈಗ ಪರಂಪರೆ ಹೇಳಿಕೊಡುತ್ತಾನೆ. ಬಂದರಿನಲ್ಲಿ ವ್ಯಾನು ತೊಳೆಯುತ್ತಿದ್ದವನು ನನ್ನನ್ನು ಶಾಲೆಯ ಅಡ್ಡಹೆಸರಿನಿಂದಲೇ ಕರೆದ.

"ಏನೇ ಕರಪತ್ರ, ಬಂದ್ಯಾ? ಈ ಶನಿವಾರ ಒಂದು ಸೀಟು ಖಾಲಿ ಇದೆ, ಹತ್ತು. ಆದ್ರೆ ಬಾಯಿ ಮುಚ್ಕೊಂಡು ಕೂತ್ಕೋಬೇಕು."

"ನಾನು ಯಾವತ್ತು ಬಾಯಿ ಮುಚ್ಕೊಂಡಿದ್ದೀನಿ?"

"ಅದನ್ನೇ ನಾನೂ ಹೇಳ್ತಿರೋದು."

ಅಲ್ಲಿಂದ ಅಜ್ಜಿಯ ಮನೆಗೆ ಹೋದೆ. ನಾಲ್ಕನೇ ಮಹಡಿ, ಹಸಿರು ಬಣ್ಣ ಹೋದ ವಸತಿ ಬ್ಲಾಕು. ಬಾಗಿಲು ತೆಗೆದವಳೇ "ಅಣ್ಣ ಬಂದ! ಅಣ್ಣ ಬಂದ!" ಎಂದು ನನ್ನ ಕೆನ್ನೆಗೆ ಮೂಗು ಒತ್ತಿ ಮೂಸಿದಳು. ಸೀಗಡಿ ವಾಸನೆ ಇನ್ನೂ ಹೋಗಿಲ್ಲವಂತೆ.

ನನ್ನ ಪೂರ್ತಿ ಹೆಸರು ಅರ್ನಾಕ್ ಎನೋಕ್. ಅರ್ನಾಕ್ ಎಂದರೆ ಹೆಂಗಸು. ಎನೋಕ್ ಎಂದರೆ ಅಜ್ಜಿಯ ಅಣ್ಣ. ನಾನು ಹುಟ್ಟುವ ಮುಂಚಿನ ಚಳಿಗಾಲದಲ್ಲಿ ಅವನು ತೀರಿಕೊಂಡ. ಅವನ ಹೆಸರು ನನಗೆ ಬಂತು, ಹೆಸರಿನ ಜೊತೆ ಅವನೂ ಬಂದ. ನಮ್ಮವರಲ್ಲಿ ಇದು ವಿಶೇಷವೇನಲ್ಲ. ಅಜ್ಜಿಯ ಕೆಳಗಿನ ಮನೆಯಲ್ಲಿ, ತೀರಿಹೋದ ಅಜ್ಜನ ಹೆಸರು ಹೊತ್ತ ಮೂರು ವರ್ಷದ ಹುಡುಗನೊಬ್ಬ ತನ್ನ ಅಜ್ಜಿಗೆ ಗಂಡ. ಐಸ್‌ಕ್ರೀಮ್ ಕೊಡಿಸುವಾಗಲೂ ಅವಳು ಅವನಿಗೆ "ರೀ, ಅಂಗಿ ಮೇಲೆ ಬೀಳಿಸ್ಕೋಬೇಡಿ" ಎನ್ನುತ್ತಾಳೆ. ನನಗೆ ಚಿಕ್ಕಂದಿನಲ್ಲೇ ಗಂಡಸರ ಬೂಟು, ಗಂಡಸರ ಚಾಕು ಸಿಕ್ಕಿತು. ಅಮ್ಮ ಬೈದರೆ ಅಜ್ಜಿ ನಡುವೆ ಬಂದು "ನನ್ನ ಅಣ್ಣನಿಗೆ ಯಾಕೆ ಬೈತೀಯ?" ಎನ್ನುತ್ತಿದ್ದಳು.

ಎನೋಕ್ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ಗೋಡೆಯ ಮೇಲೊಂದು ಫೋಟೊ: ದೋಣಿ, ಟೋಪಿ, ಬಿಸಿಲಿಗೆ ಕಿರಿದಾದ ಕಣ್ಣು. ಅಧಿಕಾರಿಗಳು ಅವರ ಹಳ್ಳಿಯನ್ನು ಮುಚ್ಚಿ ಎಲ್ಲರನ್ನೂ ಇಲ್ಲಿಯ ಬ್ಲಾಕುಗಳಿಗೆ ಸಾಗಿಸಿದಾಗ ವಿರೋಧಿಸಿದ್ದನಂತೆ. ಹೇಗೆ ವಿರೋಧಿಸಿದ, ಏನು ಘೋಷಣೆ ಕೂಗಿದ ಎಂದು ಯಾರೂ ಹೇಳಿಲ್ಲ. ಅಜ್ಜಿ ಆ ಹಳ್ಳಿಗೆ 'ಊರು' ಎನ್ನುತ್ತಾಳೆ. ಐವತ್ತು ವರ್ಷಕ್ಕೂ ಮೇಲಾಯಿತು, ನೂಕ್ ಇನ್ನೂ ಅವಳಿಗೆ ಊರಾಗಿಲ್ಲ.

ನಾನು ಎನೋಕ್‌ನ ಹೆಸರು ಹೊತ್ತವಳು. ಈ ಹೋರಾಟ ನನ್ನ ಪಾಲಿಗೆ ಬಂದದ್ದು ಸುಮ್ಮನಲ್ಲ.

ಆಗಸ್ಟ್ ೧೬, ಶನಿವಾರ

ತಲೆ ಗೊಂದಲವಾಗಿದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ವ್ಯಾನಿನಲ್ಲಿ ನನ್ನ ಪಕ್ಕ ಹಳದಿ ಜಾಕೆಟ್ಟಿನ ಹೆಂಗಸು, ಮುಂದೆ ಕೊರಳಿಗೆ ದೊಡ್ಡ ಕ್ಯಾಮೆರಾ ಹಾಕಿಕೊಂಡ ಬೋಳುತಲೆಯವನು. ಉಳಿದವರು ಒಂದೇ ಬಗೆಯ ಟೋಪಿ ಹಾಕಿಕೊಂಡಿದ್ದರಿಂದ ಯಾರು ಯಾರೆಂದು ತಿಳಿಯಲಿಲ್ಲ. ಜಾಕೆಟ್ಟಿನವಳು ನಕ್ಕು, ಯಾವ ಊರು ಎಂದು ಕೇಳಿದಳು. ಇದೇ ಊರು ಎಂದೆ. ಮತ್ತೆ ಇದನ್ನು ನೋಡಲು ಯಾಕೆ ಬಂದೆ ಎಂದು ಕೇಳಿದಳು. ಕುಚೇಷ್ಟೆಯಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದಳು. ನಾನು ಕಿಟಕಿಯ ಕಡೆ ತಿರುಗಿದೆ.

ಪೀಲು ಮೈಕು ಹಿಡಿದ. ನಮ್ಮಲ್ಲಿ ಹುಬ್ಬು ಎತ್ತಿದರೆ ಹೌದು, ಮೂಗು ಸುಕ್ಕಿಸಿದರೆ ಇಲ್ಲ ಎಂದ. ಎಲ್ಲರೂ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡು ಹುಬ್ಬು ಎತ್ತುವುದನ್ನು ಅಭ್ಯಾಸ ಮಾಡಿದರು. ಲೂಟಿ! ಮುಖದ ಹಂತ! ಎಂದು ಬರೆದುಕೊಳ್ಳಲು ಪೆನ್ನಿಗಾಗಿ ಜೇಬು ತಡಕಿದೆ. ಆಗ ಜಾಕೆಟ್ಟಿನವಳು ಪೆನ್ನು ಬೇಕಾ ಎಂಬಂತೆ ತನ್ನದನ್ನು ಚಾಚಿದಳು, ನಾನು ಮೂಗು ಸುಕ್ಕಿಸಿದೆ. ಅವಳಿಗೆ ಅರ್ಥವಾಯಿತು. ಜೀವಮಾನವೆಲ್ಲ ಹೀಗೆ ಮಾಡಿದ್ದೇನೆ. ಇದು ಇನ್ನೊಬ್ಬರಿಗೆ ಹೇಳಬೇಕಾದ ಸಂಗತಿ ಎಂದು ನನಗೇ ತಿಳಿದಿರಲಿಲ್ಲ.

ಬೆಟ್ಟದ ಮೇಲೆ, ಹಿಂದೆ ಹಡಗಿನಲ್ಲಿ ಬಂದು ನಮ್ಮವರನ್ನು ಮತಾಂತರಿಸಿದ ಪಾದ್ರಿಯ ಪ್ರತಿಮೆಯಿದೆ. ಅದರ ಹತ್ತಿರ ಇವನು ಸುಳ್ಳು ಹೇಳೇ ಹೇಳುತ್ತಾನೆ ಎಂದು ಕಾದೆ.

"ಕೆಲವರು ಬಂದು ಇವನಿಗೆ ಹೂವು ಇಡ್ತಾರೆ. ಕೆಲವರು ಬಣ್ಣ ಎರಚ್ತಾರೆ," ಎಂದ ಪೀಲು. "ನಮ್ಮ ಚಿಕ್ಕಪ್ಪ ಒಂದ್ಸಲ ಬಣ್ಣ ತೊಳೆದ. ಬೆನ್ನು ಹಿಡ್ಕೊಂಡು ಒಂದು ವಾರ ಮಲಗಿದ. ಅವತ್ತಿಂದ ಅವನಿಗೆ ಎರಡೂ ಕಡೆಯವರ ಮೇಲೆ ಸಿಟ್ಟು."

ಎಲ್ಲರೂ ನಕ್ಕರು. ಇದರಲ್ಲಿ ಸುಳ್ಳೆಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ.

ಹಳೇ ಬಂದರಿನಲ್ಲಿ ದೊಡ್ಡ ಕಬ್ಬಿಣದ ಹಂಡೆಯೊಂದಿದೆ. ಚಿಕ್ಕಂದಿನಲ್ಲಿ ಅದರ ಅಂಚಿನ ಮೇಲೆ ಕೂತು ಕಾಲು ಆಡಿಸುತ್ತಿದ್ದೆ. ಬೋಳುತಲೆಯವನು ನನ್ನನ್ನೇ ಕೇಳಿದ, ಇದು ಏನಕ್ಕೆ? ಗೊತ್ತಿರಲಿಲ್ಲ. ತಿಮಿಂಗಿಲದ ಕೊಬ್ಬು ಕಾಯಿಸುವುದಕ್ಕೆ ಎಂದು ಪೀಲು ಹೇಳಿ, ಪರೀಕ್ಷೆಯ ಸೇಡು ತೀರಿಸಿಕೊಂಡವನ ಹಾಗೆ ನನ್ನ ಕಡೆ ಹುಬ್ಬು ಎತ್ತಿದ. ಹಿಮದ ಮೇಲೆ ಸ್ಲೆಡ್ಜ್ ಎಳೆಯುವ ನಾಯಿಗಳು ಎಲ್ಲಿ ಎಂದು ಯಾರೋ ಕೇಳಿದರು. "ನಾಯಿ ಉತ್ತರದಲ್ಲಿ. ನಮ್ಮತ್ರ ಇರೋದು ಬಸ್ಸು, ಅದೂ ಹೊತ್ತಿಗೆ ಬರಲ್ಲ."

ಆಮೇಲೆ ಅಜ್ಜಿಯ ಮನೆ.

ಬಾಗಿಲಲ್ಲಿ ಬೂಟುಗಳ ರಾಶಿ. ಮೇಜಿನ ಮೇಲೆ ಕೇಕು, ಒಣಮೀನು, ಕಪ್ಪು ಹಣ್ಣಿನ ಮುರಬ್ಬ, ತೆಳು ಪಿಂಗಾಣಿಯ ಬಟ್ಟಲುಗಳು. ಅಜ್ಜಿ ಕೊರಳಪಟ್ಟಿ ಹಾಕಿಕೊಂಡು ಒಬ್ಬೊಬ್ಬರ ಕೈ ಹಿಡಿದು ಹೆಸರು ಕೇಳಿದಳು, ತಪ್ಪಾಗಿ ಹೇಳಿದಳು, ಮತ್ತೆ ಕೇಳಿದಳು. ನನ್ನ ಸರದಿ ಬಂದಾಗ ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದಳು: "ಇವನು ನನ್ನ ಅಣ್ಣ." ಪೀಲು ಅದನ್ನು ಹಾಗೇ ಇಂಗ್ಲಿಷಿನಲ್ಲಿ ಹೇಳಿದ. ಮುದುಕಿಗೆ ಮರೆವು ಎಂದುಕೊಂಡು ಅವರು ಕನಿಕರದಿಂದ ನನ್ನನ್ನು ನೋಡಿದರು. ನನಗೆ ಕಿವಿ ಬಿಸಿಯಾಯಿತು.

ಅಜ್ಜಿ ಕಾಫಿ ಬಗ್ಗಿಸಿದೊಡನೆ ಬೋಳುತಲೆಯವನು ಕ್ಯಾಮೆರಾ ಎತ್ತಿದ. ಬೆಳಕು ಸರಿಯಿಲ್ಲ, ಕಿಟಕಿಯ ಹತ್ತಿರ ನಿಂತು ಕಾಫಿಯನ್ನು ಇನ್ನೊಮ್ಮೆ ಬಗ್ಗಿಸಬಹುದೇ ಎಂದು ಸನ್ನೆ ಮಾಡಿದ. ಅಜ್ಜಿ ಕಿಟಕಿಗೆ ಹೋಗಿ ಇನ್ನೊಮ್ಮೆ ಬಗ್ಗಿಸಿದಳು. ಇನ್ನೊಮ್ಮೆ ಎಂದ. ಇನ್ನೊಮ್ಮೆ ಬಗ್ಗಿಸಿದಳು.

ಅಷ್ಟೇ. ನಾನು ಆಮೇಲೆ ಏನೂ ತಿನ್ನಲಿಲ್ಲ.

ಅವರೆಲ್ಲ ಹೋದ ಮೇಲೆ ಅವಳ ಎದುರು ನಿಂತೆ. ಅಜ್ಜಿ ಎನ್ನಲಿಲ್ಲ. ಎನೋಕ್ ಕರೆಯುತ್ತಿದ್ದ ಹಾಗೆ ಹೆಸರು ಹಿಡಿದು ಕರೆದೆ.

"ಅಬೆಲೋನೆ, ಇನ್ಮೇಲೆ ಪೀಲು ಇಲ್ಲಿಗೆ ಜನ ತರೋದು ಬೇಡ. ನಿನ್ನ ಅಣ್ಣ ಹೇಳ್ತಿದ್ದೀನಿ."

ಹಿಂದೆಂದೂ ಈ ಹಕ್ಕನ್ನು ಹೀಗೆ ಬಳಸಿರಲಿಲ್ಲ. ಅವಳು ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು. ನನ್ನನ್ನು ನೋಡಿ, ನಿಧಾನವಾಗಿ ಹುಬ್ಬು ಎತ್ತಿದಳು.

"ಸರಿ ಅಣ್ಣ. ನೀನು ಹೀಗೆ ಮಾತಾಡ್ಲಿ ಅಂತ ಎಷ್ಟು ವರ್ಷದಿಂದ ಕಾಯ್ತಿದ್ದೆ."

ಅವಳ ಕಣ್ಣು ತುಂಬಿತ್ತು. ಬಿಡುಗಡೆಯಾದವರ ಕಣ್ಣು ಹೀಗಿರುತ್ತದೆ ಎಂದು ಓದಿದ್ದೆ, ಇವತ್ತು ನೋಡಿದೆ.

ಆಗಸ್ಟ್ ೧೮, ಸೋಮವಾರ

ಪೀಲು ಕೂಗಾಡಿದ.

"ಕಂಪನಿಯವರಿಗೆ ಏನಂತ ಹೇಳ್ಲಿ? ಅಜ್ಜಿ ಬಾಗಿಲು ಹಾಕಿದೆ ಅಂತಲಾ?"

"ಅಜ್ಜಿ ಅಂಗಡಿಯಲ್ಲ."

"ಅಂಗಡಿ ಅಂದೋರು ಯಾರು? ನಾನು ಒಂದಿನ ತಡ ಆದ್ರೆ ಮೆಟ್ಟಿಲ ತನಕ ಇಳಿದು ಬಂದು ನೋಡ್ತಿತ್ತು ಆ ಮುದುಕಿ. ನಿಂಗೇನು ಗೊತ್ತು? ನೀನು ಸೀಗಡಿ ಸುಲಿತಾ ಕೂತಿದ್ದೆ."

ಸವಲತ್ತು ಕಳೆದುಕೊಂಡವರು ಹೀಗೇ ಮಾತಾಡುವುದು. ಕರಪತ್ರದ ಮೊದಲ ಪ್ಯಾರಾ ಬರೆದೆ. ಚೆನ್ನಾಗಿ ಬಂದಿದೆ.

ಆಗಸ್ಟ್ ೨೩, ಶನಿವಾರ

ಮಧ್ಯಾಹ್ನ ಅಜ್ಜಿಯ ಮನೆಗೆ ಹೋದೆ. ಅವಳ ಮೊದಲ ಸ್ವತಂತ್ರ ಶನಿವಾರ, ಜೊತೆಗಿರೋಣ ಎಂದು.

ಮೇಜು ಸಿದ್ಧವಾಗಿತ್ತು. ಬಟ್ಟಲುಗಳು, ಕೇಕು, ಒಣಮೀನು. ಕೊರಳಪಟ್ಟಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. ನನ್ನ ಭುಜದ ಮೇಲಿಂದ ಮೆಟ್ಟಿಲು ನೋಡಿದಳು.

"ಎಲ್ಲಿ?"

"ಏನು ಎಲ್ಲಿ?"

"ಹೊರಗೆ ಮಂಜಿದೆ. ಹಡಗು ತಡ ಅಂತ ಕಾಣತ್ತೆ," ಎಂದು ತನಗೇ ಹೇಳಿಕೊಂಡು ಕಿಟಕಿಗೆ ಹೋದಳು.

ಮರೆತಿದ್ದಾಳೆ ಎಂದುಕೊಂಡೆ. ಮೆಲ್ಲಗೆ ನೆನಪಿಸಿದೆ: ಪೀಲು ಬರುವುದಿಲ್ಲ, ಅದೆಲ್ಲ ಮುಗಿಯಿತು.

"ಗೊತ್ತು. ನೀನೇ ತಾನೆ ಬೇಡ ಅಂದಿದ್ದು?"

"ಮತ್ತೆ ಇದೆಲ್ಲ ಯಾರಿಗೆ?"

ನಾನು ತಮಾಷೆ ಮಾಡುತ್ತಿದ್ದೇನೆ ಎಂಬಂತೆ ನನ್ನ ಕೈಗೆ ಒಂದು ಏಟು ಕೊಟ್ಟಳು. ನಾನು ಕೇಕಿಗೆ ಕೈ ಹಾಕಿದರೆ ತಟ್ಟೆ ಎಳೆದುಕೊಂಡಳು. ಬಂದವರು ತಿನ್ನದೆ ಮನೆಯವರು ತಿನ್ನಬಾರದಂತೆ. ಯಾರೂ ಬರಲಿಲ್ಲ. ಸಂಜೆ ಕಾಫಿಯನ್ನು ಬಚ್ಚಲಿಗೆ ಸುರಿದಳು. ಬೇಸರ ತೋರಿಸಲಿಲ್ಲ. ನನಗೇ ಸಮಾಧಾನ ಹೇಳಿದಳು: "ಇರ್ಲಿ ಬಿಡು ಅಣ್ಣ. ಮೊದಲ ದಿನ ಅಲ್ವಾ."

ಯಾವುದರ ಮೊದಲ ದಿನ?

ಆಗಸ್ಟ್ ೨೭, ಬುಧವಾರ

ಅಮ್ಮ ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ತಲೆ ಚೆನ್ನಾಗಿದೆಯಂತೆ. ಇದು ಯಾವ ವರ್ಷ ಎಂದು ಕೇಳಿದ್ದಕ್ಕೆ "ಪಾಪ, ನಿಮಗೂ ಹೇಳೋರಿಲ್ವಾ?" ಎಂದಳಂತೆ.

ಹಾಗಾದರೆ ಏನಾಗಿದೆ? ಪುಸ್ತಿಕೆಗಳಲ್ಲಿ ಹುಡುಕಿದೆ. ಬಹಳ ದಿನ ಪಂಜರದಲ್ಲಿದ್ದ ಹಕ್ಕಿ ಬಾಗಿಲು ತೆರೆದರೂ ಹಾರುವುದಿಲ್ಲ ಎಂದು ಒಂದು ಕಡೆ ಇದೆ. ಆದರೆ ಹಕ್ಕಿ ಕೇಕು ಬೇಯಿಸುತ್ತದೆಯೇ?

ಆಗಸ್ಟ್ ೩೦, ಶನಿವಾರ

ಇವತ್ತು ಅಮ್ಮನನ್ನೂ ಒಳಗೆ ಬಿಡಲಿಲ್ಲ.

ಅಮ್ಮ ಬೇಟೆಯಿಂದ ಬಂದ ಹಿಮಸಾರಂಗದ ತೊಡೆ ತೆಗೆದುಕೊಂಡು ಹೋಗಿದ್ದಳು. ಅಜ್ಜಿ ಮಾಂಸ ತೆಗೆದುಕೊಂಡು, ಬಾಗಿಲು ಅರ್ಧ ಮುಚ್ಚಿ "ಆಮೇಲೆ ಬಾ. ಮೊದಲು ಅಣ್ಣ ಕರ್ಕೊಂಡು ಬಂದವರು ಕೂತ್ಕೋಬೇಕು" ಎಂದಳಂತೆ. ಪಕ್ಕದ ಮನೆಯವಳು ಹೋದಾಗಲೂ ಇದೇ ಉತ್ತರ. ಇಷ್ಟಕ್ಕೇ ನಿಲ್ಲಲಿಲ್ಲ. ಸೆಪ್ಟೆಂಬರ್ ಹದಿಮೂರಕ್ಕೆ ಅವಳಿಗೆ ಎಂಬತ್ತು ತುಂಬುತ್ತದೆ. ಅರ್ಧ ಪಟ್ಟಣ ಆ ಕೂಟಕ್ಕೆ ಬರುವವರಿದ್ದಾರೆ. ಅಣ್ಣ ಜನ ತರದಿದ್ದರೆ ಅವತ್ತೂ ಬಾಗಿಲು ತೆಗೆಯುವುದಿಲ್ಲವಂತೆ.

ಅಮ್ಮ ಮನೆಗೆ ಬಂದು ಕೋಟು ಬಿಚ್ಚದೆ ನನ್ನ ಮುಂದೆ ನಿಂತಳು.

"ಏನೇ ಹೇಳಿದೆ ನೀನು ಅವಳಿಗೆ?"

ಹೇಳಿದೆ.

"ಎನೋಕ್ ಆಗಿ ಹೇಳಿದ್ಯಾ? ಅವನ ಬಾಯಿಂದ?"

"ಅವಳ ಒಳ್ಳೇದಕ್ಕೇ ಹೇಳಿದ್ದು."

"ಎಂಬತ್ತನೇ ಹುಟ್ಟುಹಬ್ಬಕ್ಕೆ ಬಾಗಿಲು ಹಾಕ್ಕೊಂಡು ಒಬ್ಬಳೇ ಕೂತ್ಕೋತಾಳಂತೆ. ಬಾಳಾ ಒಳ್ಳೇದಾಯ್ತು. ಹೋಗು, ಸರಿ ಮಾಡು."

ಓಡಿದೆ. ನನಗೆ ಮಾತ್ರ ಬಾಗಿಲು ತೆರೆಯಿತು. ಹೇಳಿದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ, ಯಾರು ಬೇಕಾದರೂ ಬರಲಿ, ಪೀಲುವೂ ಬರಲಿ ಎಂದೆ. ಅಜ್ಜಿ ಗೋಡೆಯ ಫೋಟೊ ನೋಡಿದಳು, ನನ್ನ ಮುಖ ನೋಡಿದಳು, ಮೂಗು ಸುಕ್ಕಿಸಿದಳು.

"ಎನೋಕ್ ಯಾವತ್ತೂ ಆಡಿದ ಮಾತು ವಾಪಸ್ ತಗೊಂಡವನಲ್ಲ. ಈಗ ಮಾತಾಡ್ತಿರೋದು ಅರ್ನಾಕ್. ನೀನು ಬಾಯಿ ಮುಚ್ಕೋ ಮಗು, ದೊಡ್ಡವರ ಮಧ್ಯೆ ಬರಬೇಡ."

ನನ್ನ ಮಾತನ್ನು ನಾನೇ ಮೀರುವ ಹಾಗಿಲ್ಲ.

ಸೆಪ್ಟೆಂಬರ್ ೧, ಸೋಮವಾರ

ಕರಪತ್ರ ಮುಂದಕ್ಕೆ ಹೋಗುತ್ತಿಲ್ಲ.

ಸೆಪ್ಟೆಂಬರ್ ೩, ಬುಧವಾರ

ಅಮ್ಮ ಮಾಂಸ ಕತ್ತರಿಸುತ್ತ, ಯಾರಿಗೋ ಹೇಳುವ ಹಾಗೆ ಹೇಳಿದಳು.

"ಎನೋಕ್ ಮಾಮ ಶನಿವಾರ ಆದ್ರೆ ಸಾಕು, ಬಂದರಿಗೆ ಹೋಗೋನು. ಮೀನಿನ ಹಡಗು, ಸರಕಿನ ಹಡಗು, ಯಾವುದಾದ್ರೂ ಸರಿ. ಯಾರು ಸಿಕ್ಕಿದ್ರೂ ಎಳ್ಕೊಂಡು ಬರೋನು. ಒಂದ್ಸಲ ಪೋರ್ಚುಗೀಸ್ ಬೆಸ್ತರು, ಒಂದು ಹಿಂಡು. ಮನೇಲಿ ಕೂರೋಕೆ ಜಾಗ ಇಲ್ಲದೆ ನನ್ನ ಮಂಚದ ಮೇಲೆ ಕೂತು ಕೇಕ್ ತಿಂದ್ರು. ಮಂಚದಲ್ಲಿ ಒಂದು ತಿಂಗಳು ಮೀನಿನ ನಾತ."

"ಎನೋಕಾ? ನಮ್ಮ ಎನೋಕಾ?"

"ಇನ್ಯಾವ ಎನೋಕ್? ಬ್ಲಾಕಿನ ಹುಡುಗೀರೆಲ್ಲ ನನ್ನ ನೋಡಿ ಆಡ್ಕೊಳ್ಳೋರು. ನಾಚಿಕೆಯಿಂದ ಸಾಯೋ ಹಾಗಾಗ್ತಿತ್ತು ನಂಗೆ. ಅದಕ್ಕೇ ನಿಂಗೆ ಈ ಕಥೆ ಹೇಳಿರ್ಲಿಲ್ಲ. ನಿಂಗೆ ಹೆಸರಿಡುವಾಗ ದೇವರಲ್ಲಿ ಬೇಡ್ಕೊಂಡಿದ್ದೆ, ಅವನ ಧೈರ್ಯ ಬರ್ಲಿ, ಹಟ ಬರ್ಲಿ, ಆ ಒಂದು ಚಾಳಿ ಮಾತ್ರ ಬರದೆ ಇರ್ಲಿ ಅಂತ."

ನಾನು ಈರುಳ್ಳಿ ಸುಲಿದೆ.

ಎನೋಕ್ ಪರದೇಶದವರಿಗೆ ಕಾಫಿ ಕೊಡಿಸುತ್ತಿದ್ದ. ಇಷ್ಟು ವರ್ಷ ಗೋಡೆಯ ಮೇಲಿನ ಆ ಮನುಷ್ಯ ಕೂಗಿದ ಘೋಷಣೆಗಳನ್ನು ನಾನೇ ಊಹಿಸಿಕೊಂಡು, ಅವನ್ನು ನನ್ನ ಬಾಯಿಂದ ಕೂಗುತ್ತಿದ್ದೆ. ಹಾಗಾದರೆ ಆಗಸ್ಟ್ ಹದಿನಾರಕ್ಕೆ ಅಜ್ಜಿಯ ಮುಂದೆ ಮಾತಾಡಿದ್ದು ಯಾರು?

ಸೆಪ್ಟೆಂಬರ್ ೬, ಶನಿವಾರ

ಮತ್ತೆ ಅದೇ ಮೇಜು, ಅದೇ ಬಟ್ಟಲು. ಇವತ್ತು ನಾನು ಯಾವ ವಾದವನ್ನೂ ಹೂಡಲಿಲ್ಲ. ಕಿಟಕಿಯ ಹತ್ತಿರ ಅವಳ ಪಕ್ಕ ಕೂತೆ. ಕೊಲ್ಲಿಯ ಮೇಲೆ ಮಂಜು ಬೆಟ್ಟದ ಸೊಂಟದವರೆಗೆ ಇಳಿದಿತ್ತು. ಹೇಗೆ ಕೇಳುವುದೋ ತಿಳಿಯದೆ, ಬಾಯಿಗೆ ಬಂದ ಹಾಗೆ ಕೇಳಿದೆ.

"ಅಬೆಲೋನೆ, ನಾನು ಯಾಕೆ ಜನರನ್ನ ಕರ್ಕೊಂಡು ಬರ್ತಿದ್ದೆ?"

ಅವಳು ನನ್ನ ಕಡೆ ತಿರುಗಿದಳು. ಇದು ಯಾರ ಪ್ರಶ್ನೆ ಎಂದು ತೂಗಿ ನೋಡಿದ ಹಾಗಿತ್ತು.

"ಮರ್ತೇಬಿಟ್ಯಾ? ಆಗಲಿ, ಸತ್ತು ಬಂದವರಿಗೆ ಅಷ್ಟು ಮರೆವು ಇದ್ದೇ ಇರತ್ತೆ." ಮಡಿಲ ಮೇಲಿನ ಹಿಟ್ಟಿನ ಪುಡಿ ಕೊಡವಿಕೊಂಡಳು. "ಊರಿಗೆ ಅಧಿಕಾರಿಗಳ ದೋಣಿ ಬಂತಲ್ಲ. ಮೂರು ಜನ, ಕೈಯಲ್ಲಿ ಚೀಲ. ನೀನು ಓಡಿ ಬಂದು ಕಾಫಿ ಇಡು ಅಂದೆ. ಇಟ್ಟೆ. ಒಳ್ಳೇ ಬಟ್ಟಲು ತೆಗೆದೆ, ಇದೇ ಬಟ್ಟಲು. ಅವರು ದಡದಲ್ಲೇ ನಿಂತ್ರು. ಒಂದು ಮನೆಗೂ ಕಾಲಿಡಲಿಲ್ಲ. ಇಲ್ಲಿಗೆ ಹಡಗು ಬರಲ್ಲ, ಜನ ಬರಲ್ಲ, ಇದನ್ನ ಮುಚ್ಚೋದೇ ವಾಸಿ ಅಂದ್ರು. ನೀನು ಅಂದೆ, ನೀವು ಬಂದಿದ್ದೀರಲ್ಲ, ಒಂದು ಲೋಟ ಕುಡೀರಿ ಅಂತ. ಹೊತ್ತಿಲ್ಲ ಅಂದ್ರು."

"ಆಮೇಲೆ?"

"ಆಮೇಲೇನು? ಕಾಫಿ ಆರಿಹೋಯ್ತು. ಬೇಸಿಗೆ ಮುಗಿಯೋದ್ರೊಳಗೆ ನಮ್ಮನ್ನ ಇಲ್ಲಿಗೆ ತಂದು ಹಾಕಿದ್ರು. ಈ ಮೆಟ್ಟಿಲು ಹತ್ತುವಾಗ ನೀನು ಹೇಳಿದೆ: ಅಬೆಲೋನೆ, ನಮ್ಮ ಮನೆಗೆ ಯಾರೂ ಬರಲ್ಲ ಅಂತ ಇನ್ನೊಬ್ಬ ಹೇಳಕೂಡದು. ನಾನು ಜನ ತರ್ತೀನಿ, ನೀನು ಒಲೆ ಹಚ್ಚು. ಸಾಯೋ ತನಕ ತಂದೆ. ನೀನು ಹೋದ ಮೇಲೆ ನಿಂತುಹೋಯ್ತು. ನೀನು ಮತ್ತೆ ಹುಟ್ಟಿದೆ, ಆದ್ರೆ ಅಷ್ಟು ಚಿಕ್ಕ ಕೂಸಿಗೆ ಕೆಲಸ ಹೇಳೋಕಾಗತ್ತಾ? ಕಾದೆ. ನೀನು ದೊಡ್ಡವನಾದೆ, ಏನೇನೋ ಓದಿದೆ, ಎಲ್ಲೆಲ್ಲೋ ಹೋದೆ. ಈ ವರ್ಷ ಪೀಲು ಬಂದ. ಒಳ್ಳೇ ಹುಡುಗ. ಆದ್ರೂ ಬೇರೆಯವರ ವ್ಯಾನು, ಬೇರೆಯವರ ಹೊತ್ತು. ಅವರು ಕೂರೋದೇ ಅರ್ಧ ಗಂಟೆ. ಅವತ್ತು ನೀನು ಬಂದು ಪೀಲು ಬೇಡ ಅಂದಾಗ ನನಗೆಷ್ಟು ಹಗುರ ಆಯ್ತು ಗೊತ್ತಾ? ಅಂತೂ ನನ್ನಣ್ಣ ಆಟ ಮುಗಿಸಿ ಕೆಲಸಕ್ಕೆ ಬಂದ ಅಂದ್ಕೊಂಡೆ."

ಆದರೂ ಒಂದು ವಿಷಯ ಬಿಡಲಾಗಲಿಲ್ಲ.

"ಆ ಬೋಳುತಲೆಯವನು ಮೂರು ಸಲ ಕಾಫಿ ಬಗ್ಗಿಸ್ಕೊಂಡನಲ್ಲ ನಿನ್ನ ಕೈಯಲ್ಲಿ. ಗೊಂಬೆ ಥರ. ಅವಮಾನ ಆಗಲಿಲ್ವಾ?"

"ಬಗ್ಗಿಸಿದ್ದನ್ನ ಮೂರು ಸಲವೂ ಕುಡಿದನಲ್ಲ," ಎಂದಳು ಅಜ್ಜಿ. "ಆ ಮೂರು ಜನ ಒಂದು ಸಲನೂ ಕುಡೀಲಿಲ್ಲ."

ಇದು ಯಾವ ಪುಸ್ತಿಕೆಯಲ್ಲೂ ಇಲ್ಲ. ಬೋಳುತಲೆಯವನು ಮಾಡಿದ್ದು ಸರಿ ಎಂದು ನಾನು ಈಗಲೂ ಒಪ್ಪುವುದಿಲ್ಲ. ಕಂಪನಿಯ ಹಾಳೆಯೂ ಅಷ್ಟೇ, ಅದು ಸುಳ್ಳು. ಆದರೆ ಎನೋಕ್ ಮಾಡಿದ್ದು ಶರಣಾಗತಿಯೋ ಹೋರಾಟವೋ? ಮೂರು ಜನ ಕುಡಿಯದೆ ಹೋದ ಕಾಫಿಗೆ ಮೂವತ್ತು ವರ್ಷಕ್ಕೂ ಮೇಲೆ ಉತ್ತರ ಕೊಟ್ಟದ್ದಕ್ಕೆ ಏನೆನ್ನಬೇಕು? ಕರಪತ್ರಕ್ಕೆ ತಲೆಬರಹವೇ ಸಿಗುತ್ತಿಲ್ಲ.

ಹೊರಡುವಾಗ ಅಜ್ಜಿ ಗೂಡಿನಿಂದ ಎನೋಕ್‌ನ ಟೋಪಿ ತೆಗೆದು ನನ್ನ ತಲೆಗಿಟ್ಟಳು. ದೊಡ್ಡದಾಯಿತು, ಕಣ್ಣಿನವರೆಗೆ ಇಳಿಯಿತು. ಅವಳು ಅದನ್ನು ಹಿಂದಕ್ಕೆ ಸರಿಸಿ, ಬಾಗಿಲು ಹಾಕಿಕೊಂಡಳು.

ಸೆಪ್ಟೆಂಬರ್ ೯, ಮಂಗಳವಾರ

ಬಂದರಿನಲ್ಲಿ ಬೆಳಗ್ಗೆಯಿಂದ ನಿಂತಿದ್ದೆ. ಇದು ತಾತ್ಕಾಲಿಕ ಕ್ರಮ, ಅಜ್ಜಿಯ ಬಾಗಿಲು ತೆರೆಸುವುದಕ್ಕೆ ಮಾತ್ರ. ನನ್ನ ನಿಲುವು ಬದಲಾಗಿಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ.

ಯಾರೂ ಬರಲೊಪ್ಪಲಿಲ್ಲ.

ಪ್ರವಾಸಿ ದಂಪತಿಯನ್ನು ಕರೆದೆ. ಯಾವ ಕಂಪನಿ, ಎಷ್ಟು ಎಂದು ಕೇಳಿದರು. ಕಂಪನಿ ಇಲ್ಲ, ದುಡ್ಡು ಬೇಡ, ನನ್ನ ತಂಗಿಗೆ ಎಂಬತ್ತು ತುಂಬುತ್ತದೆ, ಕಾಫಿಗೆ ಬನ್ನಿ ಎಂದೆ. ನನ್ನ ವಯಸ್ಸು ನೋಡಿ ಬೇಗ ಬೇಗ ನಡೆದುಬಿಟ್ಟರು. ಇನ್ನೊಬ್ಬನಿಗೆ ಮೊದಲು ಊರು ಮುಚ್ಚಿದ ಇತಿಹಾಸ ವಿವರಿಸೋಣ ಎಂದು ಶುರು ಮಾಡಿದೆ. ಎರಡನೇ ವಾಕ್ಯಕ್ಕೆ ಅವನ ಬಸ್ಸು ಬಂತು.

ಪೀಲು ದೂರದಲ್ಲಿ ವ್ಯಾನಿಗೊರಗಿ ಎಲ್ಲವನ್ನೂ ನೋಡುತ್ತಿದ್ದ.

"ಏನೇ ಕರಪತ್ರ, ಮೀನು ಬೀಳ್ತಾ ಇಲ್ವಾ?"

"ನಗಬೇಡ. ಸಹಾಯ ಮಾಡು."

"ನೀನೇ ತಾನೆ ನನ್ನ ಬರಬೇಡ ಅಂದಿದ್ದು?"

"ನಾನಲ್ಲ. ಅಂದಿದ್ದು ಎನೋಕ್."

ಅವನು ನಗುವುದನ್ನು ನಿಲ್ಲಿಸಿದ. ಅವನೂ ನಮ್ಮವನೇ, ಇದರ ತೂಕ ಗೊತ್ತು. ತಲೆ ಕೆರೆದುಕೊಂಡು "ಹಾಗಾದ್ರೆ ಕಷ್ಟ" ಎಂದ.

ಸೆಪ್ಟೆಂಬರ್ ೧೧, ಗುರುವಾರ

ಎಂಜಿನ್ ಕೆಟ್ಟು ನಿಂತ ಫಾರೋ ದ್ವೀಪದ ಮೀನಿನ ಹಡಗೊಂದು ಸೋಮವಾರದವರೆಗೆ ಇಲ್ಲೇ ಇರುತ್ತದೆ. ಅದಕ್ಕೆ ಹತ್ತುವ ಹಲಗೆಯ ಹತ್ತಿರ ಹೋಗಿ ನಿಂತೆ. ಇತಿಹಾಸ ಹೇಳಲಿಲ್ಲ. ಟೋಪಿ ಹಿಂದಕ್ಕೆ ಸರಿಸಿ, "ಕಾಫಿ? ಕೇಕು? ಮನೆ?" ಎಂದೆ. ಕೆಂಪು ಗಡ್ಡದವನೊಬ್ಬ ಕೆಲಸ ನಿಲ್ಲಿಸಿ ನನ್ನನ್ನು ನೋಡಿದ. ಒಳಗೆ ತಿರುಗಿ ಯಾರನ್ನೋ ಕೂಗಿದ. ಹಡಗಿನ ಅಡುಗೆಯವನು ಹೊರಗೆ ಬಂದ, ಮುದುಕ. ನನ್ನ ಟೋಪಿ ನೋಡಿ ಬೆರಳು ತೋರಿಸಿ ಏನೋ ಹೇಳಿ ನಕ್ಕ. ಏನು ಹೇಳಿದನೋ ತಿಳಿಯಲಿಲ್ಲ. ಇಂಥದೊಂದು ಟೋಪಿಯ ಹಿಂದೆ ಅವನು ಯಾವಾಗಲಾದರೂ ನಾಲ್ಕು ಮಹಡಿ ಹತ್ತಿದ್ದನೋ, ಅಥವಾ ನಾನು ಬರೀ ನಗೆಪಾಟಲಾಗಿ ಕಾಣುತ್ತಿದ್ದೆನೋ, ಅದೂ ತಿಳಿಯದು. ಎಲ್ಲರೂ ಬರುತ್ತೇವೆ ಎಂದರು.

ಪೀಲು ಶನಿವಾರದ ತನ್ನ ಎಂಟು ಜನರನ್ನೂ ಕೊಡುತ್ತೇನೆ ಎಂದಿದ್ದಾನೆ. ಕರಾರು ನನ್ನದು: ವ್ಯಾನು ಬಂದರಿನಲ್ಲೇ ನಿಲ್ಲಬೇಕು, ಎಲ್ಲರೂ ನನ್ನ ಹಿಂದೆ ನಡೆದು ಬರಬೇಕು, ಮೊದಲ ಬಟ್ಟಲು ಮುಗಿಯುವವರೆಗೆ ಕ್ಯಾಮೆರಾ ಚೀಲದಿಂದ ಹೊರಗೆ ಬರಬಾರದು, ಯಾರೂ ಗಡಿಯಾರ ನೋಡಬಾರದು.

"ಕಂಪನಿಯವರು ನನ್ನ ಸುಲೀತಾರೆ."

"ಎನೋಕ್ ಹೇಳ್ತಿದ್ದಾನೆ ಅನ್ನು."

"ಅವರಿಗೆ ಎನೋಕ್ ಯಾರು ಅಂತ ಗೊತ್ತಿಲ್ವಲ್ಲೇ."

"ಶನಿವಾರ ಗೊತ್ತಾಗತ್ತೆ."

ನಡೆಯುವ ದಾರಿಯಲ್ಲಿ ಪಾದ್ರಿಯ ಪ್ರತಿಮೆ ಬರುತ್ತದೆ. ಅಲ್ಲಿ ಏನು ಹೇಳಬೇಕೆಂದು ಇನ್ನೂ ತಿಳಿದಿಲ್ಲ. ಪೀಲುವಿನ ಚಿಕ್ಕಪ್ಪನ ಬೆನ್ನುನೋವಿನ ಕಥೆಯನ್ನೇ ಹೇಳಬಹುದು. ಹಂಡೆ ಏನಕ್ಕೆ ಎಂದು ಕೇಳಿದರೆ ಮಾತ್ರ ಈಗ ಉತ್ತರ ಗೊತ್ತಿದೆ.

ಮನೆಗೆ ಬಂದು ಅಜ್ಜಿಗೆ ಫೋನು ಮಾಡಿದೆ. ಅಲ್ಲಿ ಪಾತ್ರೆಯ ಸದ್ದು ಕೇಳುತ್ತಿತ್ತು.

"ಅಬೆಲೋನೆ, ತುಂಬ ಜನ ಇದ್ದಾರೆ. ಕುರ್ಚಿ ಸಾಲಲ್ಲ."

"ಮಂಚ ಇದೆಯಲ್ಲ," ಎಂದಳು. ಪಾತ್ರೆಯ ಸದ್ದು ನಿಂತಿತು. "ಎಷ್ಟೊತ್ತಿಗೆ ಅಣ್ಣ? ಒಲೆ ಹಚ್ಚಬೇಕು."

ಕರಪತ್ರದ ಹಾಳೆಗಳ ಹಿಂಬದಿ ಖಾಲಿಯಿತ್ತು. ಯಾರೂ ಮರೆಯದ ಹಾಗೆ ಎರಡು ಹಾಳೆಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಒಂದನ್ನು ಹಡಗಿನ ಹಲಗೆಗೆ, ಒಂದನ್ನು ಪೀಲುವಿನ ವ್ಯಾನಿಗೆ ಅಂಟಿಸಿ ಬಂದಿದ್ದೇನೆ. ಫೋನಿನಲ್ಲಿ ಅಜ್ಜಿಗೂ ಅದನ್ನೇ ಓದಿ ಹೇಳಿದೆ:

ನಾಳಿದ್ದು ಶನಿವಾರ, ಮಧ್ಯಾಹ್ನ ಮೂರು ಗಂಟೆಗೆ, ಹಳೇ ಬಂದರಿನ ಕಬ್ಬಿಣದ ಹಂಡೆಯ ಪಕ್ಕ. ಎನೋಕ್ ಬಂದು ಕರೆದುಕೊಂಡು ಹೋಗುತ್ತಾನೆ.